ಗಿಡಗಳ ನಡುವಿನ ಜಾಗ

ಹೋದ ವಾರ ನಮ್ಮ ಬಿಲ್ಡಿಂಗಿನ ಅಂಗಳಕ್ಕೆ ನರ್ಸರಿಯಿಂದ ಗಿಡಗಳು ಬಂದವು. ಗೊಬ್ಬರ ಬೆರೆಸಿದ ಕೆಂಪು ಮಣ್ಣಿಗೆ ನೀರು ಬಿದ್ದಾಗ ಏಳುವ ಆ ವಾಸನೆ ಎರಡನೇ ಮಹಡಿಯ ನನ್ನ ಕೋಣೆಯವರೆಗೂ ಬಂತು. ಎದ್ದು ಕಿಟಕಿ ಮುಚ್ಚಿದೆ. ಅಷ್ಟರಲ್ಲಿ ಐವತ್ತು ವರ್ಷದ ಹಿಂದಿನ ಒಬ್ಬ ಮಾಲಿ ಒಳಗೆ ಬಂದಾಗಿತ್ತು...

ಎಪ್ಪತ್ತರ ದಶಕದ ಆರಂಭ. ಉಡುಪಿ ಕಡೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಗೆ ಬಂದಿದ್ದ ನಾನು ಭಾಂಡುಪ್‌ನ ಒಂದು ಕಾರ್ಖಾನೆಯಲ್ಲಿ ತೋಟದ ಸೂಪರ್‌ವೈಸರ್. ಗಿಡಗಳ ವಿಷಯ ನನಗೇನೂ ತಿಳಿಯದು. ತಿಳಿದಿದ್ದದ್ದು ಮಾಲಿಗೆ. ವಿಜಾಪುರ ಕಡೆಯವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು, ಧಾರಾವಿಯಿಂದ ಬರುತ್ತಿದ್ದರು. ಒಂಬತ್ತು ವರ್ಷ ದುಡಿದರೂ ಹಂಗಾಮಿ. ಆಫೀಸಿನ ಮುಂದಿನ ಹೊಸ ತೋಟ ಚೆನ್ನಾಗಿ ಆದರೆ ಪರ್ಮನೆಂಟ್ ಮಾಡುವ ಮಾತಾಗಿತ್ತು.

ಗಿಡ ತರುವ ಮೊದಲು ಅವರು ಬಿದಿರಿನ ಕಡ್ಡಿ ತಂದರು. ಯಾವ ಗಿಡ ಮೂರು ವರ್ಷಕ್ಕೆ ಎಷ್ಟು ಬೆಳೆಯುತ್ತದೋ ಅಷ್ಟೆತ್ತರದ ಕಡ್ಡಿ ನೆಟ್ಟು ತುದಿಗೆ ಹಳೇ ಬಟ್ಟೆಯ ಚೂರು ಕಟ್ಟಿದರು. ಎಷ್ಟು ಹರಡುತ್ತದೋ ಅಷ್ಟಗಲಕ್ಕೆ ಸುಣ್ಣದ ಸುತ್ತು ಎಳೆದರು. ಗೋಡೆಗೆ ಎತ್ತರದ ಕಣಗಿಲೆ, ಅದರ ಮುಂದೆ ಗುಂಡಗೆ ತುಂಬಿಕೊಳ್ಳುವ ನಂದಿಬಟ್ಟಲು, ದಾರಿಯ ಅಂಚಿಗೆ ಗಿಡ್ಡ ಕ್ರೋಟನ್. ಗೇಟಿನಿಂದ ನೋಡುವುದು, ಮೆಟ್ಟಿಲಿನಿಂದ ನೋಡುವುದು, ಮತ್ತೆ ಕಡ್ಡಿ ಕಿತ್ತು ಬೇರೆಡೆ ನೆಡುವುದು.

"ಯಾರ ಧೋತರ ಒಣಾ ಹಾಕೀಯೋ ಕಾಕಾ?" ಎಂದು ಅವರ ಊರ ಕಡೆಯ ವಾಚ್‌ಮನ್ ಕೆಣಕಿದ.

"ನಿಮ್ಮ ಮಾವಂದು. ಒಣಗಿದ ಮ್ಯಾಲ ಒಯ್ದು ಕೊಡು."

ನನಗೆ ಬೇರೆಯೇ ಹೇಳಿದರು: "ಹೂವಿಲ್ಲದ ದಿನಾನೂ ನೋಡಂಗ ಇರಬೇಕ್ರಿ ಸಾಹೇಬ್ರ, ಅದಕ್ಕ ಮುಂದ ಬಣ್ಣದ ಎಲಿ. ಈಗ ಜಾಗಾ ಬಿಟ್ರ ಮುಂದ ಕತ್ತರಿ ಹಚ್ಚೂದು ತಪ್ಪತೈತಿ."

ನಾನು ಒಪ್ಪಿ, ಅವರು ಬರೆಸಿದ ನಕ್ಷೆಗೆ ಸಹಿ ಹಾಕಿದೆ.

ಗಿಡ ನೆಟ್ಟ ಎರಡು ತಿಂಗಳಿಗೆ ದೊಡ್ಡ ಸಾಹೇಬರು ನೋಡಲು ಬಂದರು. ಮೊಣಕಾಲೆತ್ತರದ ಗಿಡಗಳು, ನಡುವೆ ಬರೀ ಮಣ್ಣು.

"ಯೇ ಬಗೀಚಾ ಹೈ ಯಾ ಮೈದಾನ್? ಕಿಸನೇ ಕಿಯಾ?"

ಇದು ತೋಟವೋ ಮೈದಾನವೋ, ಮಾಡಿದ್ದು ಯಾರು ಎಂದು ಕೇಳಿದ್ದು ನನ್ನನ್ನು. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ. ಒತ್ತೊತ್ತಾಗಿ ನೆಡಲು ಹೇಳಿದ್ದೆ, ಇವರು ಕೇಳಲಿಲ್ಲ ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ. ಆ ಹಿಂದಿ ಮಾಲಿಗೂ ಅರ್ಥವಾಗುತ್ತದೆಂದು ಗೊತ್ತಿತ್ತು. ಅವರು ಸಾಹೇಬರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಸಹಿ ಮಾಡಿದ ನಕ್ಷೆ ನನ್ನ ಡ್ರಾಯರಿನಲ್ಲೇ ಇತ್ತು. ಮರುದಿನದಿಂದ ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ.

ಆಮೇಲೆ ನಾನು ಮಾಡಿದ್ದಿಷ್ಟೇ, ಖಾಲಿ ಜಾಗದಲ್ಲಿ ಚೆಂಡುಹೂವಿನ ಸಸಿ ಹಾಕಿಸಿದೆ. ಸಾಹೇಬರು ಸುಮ್ಮನಾದರು. ಗಿಡ ಬೆಳೆಯುವವರೆಗೆ ನಡುವೆ ಚೆಂಡುಹೂವು ಹಾಕಿಸೋಣ ಎಂಬ ಆ ಒಂದು ಮಾತನ್ನು ಅಂದೇ ಹೇಳಬಹುದಿತ್ತು...

ಮೂರು ಮಳೆಗಾಲ ಕಳೆಯಿತು. ಗಿಡಗಳು ಒಂದಕ್ಕೊಂದು ತಾಗಿಯೂ ತಾಗದಂತೆ ತುಂಬಿಕೊಂಡವು. ಅದೇ ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು, ಬಡ್ತಿಯೂ ಸಿಕ್ಕಿತು.

ಆ ತಿಂಗಳೇ ದಾದರ್ ಸ್ಟೇಷನ್ನಿನ ಹೊರಗೆ, ಹೂವಿನ ಮಾರ್ಕೆಟ್ಟಿನಲ್ಲಿ ಅವರು ಎದುರಾದರು. ತಲೆಯ ಮೇಲೆ ಯಾರದೋ ಹೂವಿನ ಬುಟ್ಟಿ. ಹಮಾಲಿ ಮಾಡುತ್ತಿದ್ದರು. ಬೈಯಲಿಲ್ಲ, ಕೆಲಸದ ಮಾತೇ ಎತ್ತಲಿಲ್ಲ.

"ನಂದಿಬಟ್ಟಲ ಕೂಡಿದ್ವೇನ್ರಿ ಸಾಹೇಬ್ರ? ಈ ಮಳಿಗೆ ಕೂಡಬೇಕಿತ್ತು. ಒಂದಿನ ಬಂದು ಗೇಟಿನಿಂದ ನೋಡಿ ಹೋಗ್ಲ್ಯಾ?"

ಬಂದರೆ? ಈ ತೋಟ ಯಾರದೆಂದು ವಾಚ್‌ಮನ್ ಎಲ್ಲರ ಮುಂದೆ ಹೇಳಿದರೆ?

"ಎಲ್ಲ ಕಿತ್ತು ಹಾಕಿದ್ರು ಮಾರಾಯ್ರೆ. ಈಗ ಅಲ್ಲಿ ಗಾಡಿ ನಿಲ್ಲಿಸ್ತಾರೆ."

"ಎಲ್ಲಾ?"

"ಎಲ್ಲ."

ಬುಟ್ಟಿ ಸರಿಮಾಡಿಕೊಳ್ಳಲು ಅವರಿಗೆ ತುಸು ಹೊತ್ತು ಬೇಕಾಯಿತು. "ಆತ್ ಬಿಡ್ರಿ" ಎಂದು ಜನರ ನಡುವೆ ಹೋದರು. ಮತ್ತೆ ಕಾಣಲಿಲ್ಲ.

ಅವರ ಕೆಲಸ ಕಳೆದದ್ದಕ್ಕೆ ನನ್ನ ಹೆದರಿಕೆಯ ನೆವ ಹೇಳಿಕೊಳ್ಳಬಲ್ಲೆ. ದಾದರಿನ ಸುಳ್ಳಿಗೆ ನೆವವಿಲ್ಲ. ನನಗೀಗ ಎಪ್ಪತ್ತೈದರ ಹತ್ತಿರ, ಅವರು ಇರಲಾರರು. ನಿವೃತ್ತನಾಗುವವರೆಗೂ ದಿನಾ ಆ ಗಿಡಗಳ ಪಕ್ಕದಿಂದಲೇ ಆಫೀಸಿನ ಮೆಟ್ಟಿಲು ಹತ್ತಿದೆ. ಅವು ಉಳಿಯಲಿಲ್ಲವೆಂದೇ ನಂಬಿ ಅವರು ಕಣ್ಣು ಮುಚ್ಚಿರಬೇಕು. ಅವುಗಳಲ್ಲಿ ಒಂದೂ ಸತ್ತಿರಲಿಲ್ಲ.