ಬಾಗಿಲು ತಡೆಯಲು ನಿಂತದ್ದು

ನಮ್ಮ ಅಪ್ಪನ ಮನೆತನ ಧಾರವಾಡ ಕಡೆಯ ದೇಸಾಯರದು. ಲಂಡನ್ನಿನ ಹ್ಯಾರೋದಲ್ಲಿ ನಮ್ಮದೂ ಸೋದರತ್ತೆಯದೂ ಒಂದೇ ಗೋಡೆಗೆ ಅಂಟಿದ ಮನೆಗಳು. ಅತ್ತೆ ಮಾತ್ರ ಅವನ್ನು ಊರಿನ ದೇಸಾಯರ ದೊಡ್ಡ ಮನೆಯಂತೆ 'ವಾಡೆ' ಎಂದೇ ಅನ್ನುತ್ತಿದ್ದಳು. ನನ್ನ ತೊಟ್ಟಿಲ ಮುಂದೆ ನಿಂತು, "ಇಕಿ ನನ್ನ ಮಗಗs" ಎಂದು ಎಲ್ಲರೆದುರು ಹೇಳಿದ್ದಳಂತೆ. ನಾನೂ ಅವಳ ಮಗನೂ ಅದನ್ನು ನಂಬಿಕೊಂಡೇ ಬೆಳೆದೆವು.

ಅಪ್ಪ ಆಸ್ಪತ್ರೆಯ ಕೆಲಸ ಬಿಟ್ಟು ಟೂಟಿಂಗ್‌ನಲ್ಲಿ ಹೋಟೆಲ್ ತೆರೆದ. ಊರ ಕಡೆಯವರು ಉಂಡರೆ ದುಡ್ಡು ಕೇಳುವುದು ದೇಸಾಯರಿಗೆ ಅವಮಾನವಂತೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಅಲ್ಲಿ ಮೂಲೆಯ ಮೇಜಿನಲ್ಲಿ ನಾನೂ ಅತ್ತೆಯ ಮಗನೂ ಒಂದೇ ದೋಸೆ ಹಂಚಿಕೊಂಡು ತಿನ್ನುತ್ತಿದ್ದೆವು. "ಫೈನಲ್ಸ್ ಪರೀಕ್ಷಾ ಮುಗೀಲಿ, ಅಮ್ಮಗ ಲಗ್ನದ ಮಾತು ನಾನs ಹೇಳ್ತೀನಿ," ಅನ್ನುತ್ತಿದ್ದ. ಅವನ ಫೈನಲ್ಸ್ ಮುಗಿಯುವ ಮೊದಲೇ ಹೋಟೆಲ್ ಮುಳುಗಿತು. ಮನೆ ಮಾರಿ ಸರಕಾರದ ಕೌನ್ಸಿಲ್ ಫ್ಲ್ಯಾಟಿಗೆ ಹೋದೆವು.

ಆಮೇಲೆ ಅತ್ತೆಯ ಫೋನು ಕಡಿಮೆಯಾಯಿತು. ಒಂದು ದಿನ ಬಂದಳು, ಕುಂಕುಮದ ಭರಣಿ ಹಿಡಿದು. ಸಟನ್‌ನ ದೊಡ್ಡ ಡಾಕ್ಟರರ ಮಗಳ ಜೊತೆ ಮಗನ ಮದುವೆ ಗೊತ್ತಾಗಿತ್ತು. ಕರೆದು ಹೋಗಿದ್ದರೆ ಸಾಕಿತ್ತು. ಇಲ್ಲ, ಕುಂಕುಮ ಹಚ್ಚುತ್ತ ಹೇಳಿದಳು: "ಮನಿ ತುಂಬಿಸ್ಕೊಳ್ಳೋ ಹೊತ್ತಿಗೆ ಬಾಗಲಾ ಹಿಡೀಲಿಕ್ಕೆ ತಂಗಿ ಬೇಕಲ್ಲವಾ. ನನಗ ಹೆಣ್ಣಮಕ್ಕಳಿಲ್ಲ. ನೀನs ನಿಲ್ಲಬೇಕು."

ಎಷ್ಟು ಜಾಣತನ! ತಂಗಿಯಾಗಿ ನಿಂತ ಮೇಲೆ ನನ್ನ ಬಾಯಿ ತಾನಾಗಿಯೇ ಮುಚ್ಚುತ್ತದಲ್ಲ. ಅಮ್ಮ ಅತ್ತಳು, ಹೋಗಬೇಡ ಅಂದಳು. ನಾನು ಒಪ್ಪಿದೆ. ಅವನಿಗೆ ಅತ್ತೆಯ ಎದುರು ಮಾತು ಹೊರಡುತ್ತಿಲ್ಲ, ಪಾಪ, ನನ್ನನ್ನು ಬಾಗಿಲಲ್ಲಿ ಕಂಡರೆ ಅವನ ನಾಲಿಗೆಯಾದರೂ ತಡವರಿಸೀತು ಎಂಬ ಆಸೆ. ತಾಳಿ ಕಟ್ಟಿಯಾದ ಮೇಲೂ ಆಸೆ ನೋಡಿ, ನಾಚಿಕೆಗೆಟ್ಟದ್ದು.

ಹ್ಯಾರೋದ ಆ ಬಾಗಿಲಲ್ಲಿ ಎರಡೂ ಕೈ ಅಡ್ಡ ಇಟ್ಟು ನಿಂತೆ. ಹೊರಗೆ ಚಳಿಯಲ್ಲಿ ಮದುಮಕ್ಕಳು, ಹಿಂದೆ ಬೀಗರು, ಮುಂದೆ ಅಕ್ಕಿ ತುಂಬಿದ ಸೇರು. ಬಾಗಿಲು ಹಿಡಿದ ತಂಗಿ ಪದ್ಧತಿಯ ಮಾತು ಕೇಳಲೇಬೇಕಿತ್ತು, ಅಣ್ಣ ಮಾತು ಕೊಟ್ಟ ಮೇಲೆಯೇ ದಾರಿ ಬಿಡುವುದು. "ನಿನ್ನ ಮಗಳನ್ನ ನನ್ನ ಮಗಗ..." ಎಂದೆ. ಅವನ ಮುಖ ನೋಡಿದೆ.

ನಾನು ಮುಗಿಸುವವರೆಗೂ ಅವನು ಕಾಯಲಿಲ್ಲ.

"ಕೊಡ್ತೀನಿ, ಕೊಡ್ತೀನಿ, ಪ್ರಾಮಿಸ್! ಬಿಡವಾ ತಂಗಿ, ಇಟ್ಸ್ ಫ್ರೀಜಿಂಗ್," ಅಂದ, ನಗುತ್ತ, ಸಲೀಸಾಗಿ. ಎಲ್ಲರೂ ನಕ್ಕರು.

ಅವನ ಬಾಯಿ ಕಟ್ಟಿದವಳೆಂದು ಅಷ್ಟು ದಿನ ಅತ್ತೆಗೆ ಹಾಕಿದ ಶಾಪವೆಲ್ಲ ದಂಡವಾಗಿತ್ತು. ನಾನು ಕೈ ತೆಗೆದೆ.