ಗುತ್ಯಪ್ಪನ ಮುಂದಿನ ಆಕ್ಸಲ್
ಶಿರಾಳಕೊಪ್ಪದ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಸಂತೆ ತಪ್ಪಿದರೂ ಜೀಪಿನ ಗುತ್ಯಪ್ಪ ತಪ್ಪುವುದಿಲ್ಲ. "ಜಾಯಿಂಟ್ ಮುಚ್ಚೋ ರಬ್ಬರ್ ಬೂಟ್ ಹರಿದ್ರೆ ಒಳಗೆ ಮಣ್ಣು ಹೋಗ್ತತಿ, ಮಣ್ಣು ಹೋದ್ರೆ ಆಕ್ಸಲ್ ಜಾಯಿಂಟ್ ಹೋತು ಅಂತ್ಲೇ ತಿಳ್ಕಳ್ರೀ" ಎಂದು ಸೈಕಲ್ ಟ್ಯೂಬ್ ಕೊಳ್ಳುವವರಿಗೂ ಉಪದೇಶಿಸುತ್ತಾನೆ. ಹರಿಯದ ಬೂಟನ್ನೂ ಬದಲಿಸಿ, ಮದುಮಗನಿಗೆ ಅರಿಶಿನ ಹಚ್ಚುವಂತೆ ಗ್ರೀಸ್ ಬಳಿದು, ಸ್ಟೇರಿಂಗ್ ಪೂರ್ತಿ ತಿರುಗಿಸಿ ಜೀಪಿನಲ್ಲಿ ಮೆಲ್ಲಗೆ ಸುತ್ತುಹೊಡೆಯುತ್ತ ಜಾಯಿಂಟಿನ ಸದ್ದಿಗೆ ಕಿವಿಗೊಡುತ್ತಾನೆ. ಹೋದ ವರ್ಷ ಹೆಂಡತಿ "ಕಟಕಟ ಅಂತೈತಿ" ಎಂದಾಗ ಕೇಳಿಸಿಕೊಂಡಿರಲಿಲ್ಲ. ಕಾಡಿನ ಏರಿನಲ್ಲಿ ಜಾಯಿಂಟ್ ಮುರಿದಾಗ ಅವಳು ಇಳಿದು ಕ್ಯಾಸನೂರಿನ ತವರಿಗೆ ನಡೆದೇಬಿಟ್ಟಳು. "ರಿಪೇರಿ ಆತಲ್ಲ ಮಾರಾಯ, ಹೋಗಿ ಕರ್ಕಂಡು ಬಾ" ಎಂದು ನಾನು ಹೇಳಿದರೆ, "ಎಡಗಡೆ ಇನ್ನೂ ಸಣ್ಣ ಸದ್ದೈತ್ರೀ" ಎನ್ನುತ್ತಾನೆ. ನನ್ನ ಕಿವಿಗಂತೂ ಕೇಳದ ಸದ್ದು. ಮೊನ್ನೆ ಒಳಗಿಂದಲೇ ಕೇಳೋಣವೆಂದು ಜೀಪು ಹತ್ತಹೋದೆ. ಅವನ ಪಕ್ಕದ ಸೀಟಿಗೆ ಹೂವಿನ ಚಿತ್ತಾರದ ಹೊಸ ಹೊದಿಕೆ ಹಾಕಿಸಿದ್ದ. "ಅಲ್ಲಿ ಬ್ಯಾಡ್ರೀ ಸಾವ್ಕಾರ್ರೆ," ಎಂದ, "ಹಿಂದೆ ಕೂತ್ಕಳ್ರೀ."