ರುಚಿ ನೋಡದ ಸಿದ್ದಣ್ಣ

ಕೋಳಿ ಸುಡುವುದರಲ್ಲಿ ಸಿದ್ದಣ್ಣನನ್ನು ಮೀರಿಸುವವರು ಆಗ ಸಿಡ್ನಿಯ ಪ್ಯಾರಮಟ್ಟಾದಲ್ಲಿ ಯಾರೂ ಇರಲಿಲ್ಲ. ಒಂದು ಚೂರನ್ನೂ ಬಾಯಿಗೆ ಹಾಕಿಕೊಳ್ಳದೆ ಸುಡುವವರಂತೂ, ನಂಬಿದರೆ ನಂಬಿ, ಈ ಭೂಮಿಯ ಮೇಲೇ ಇರಲಿಲ್ಲ!

ರಾಣೆಬೆನ್ನೂರಿನ ಲಿಂಗಾಯತರ ಮಗ. ಅವ್ವ ರುದ್ರವ್ವ ಖಾನಾವಳಿ ನಡೆಸಿ ಓದಿಸಿದವಳು. ಅಕೌಂಟಿಂಗ್ ಓದಲು ಸಿಡ್ನಿಗೆ ಬಂದವನಿಗೆ ಓದು ಕೈ ಹಿಡಿಯಲಿಲ್ಲ, ಪಾರ್ಟ್‌ಟೈಮಿಗೆಂದು ಸೇರಿದ ಇಜಾಕಾಯಾ ಕೈ ಹಿಡಿಯಿತು. ಇಜಾಕಾಯಾ ಅಂದರೆ ಜಪಾನಿನವರು ಆಫೀಸು ಬಿಟ್ಟು ಬಂದು ಕೂತು ಕುಡಿಯುವ, ಕುಡಿಯುತ್ತಲೇ ಸಣ್ಣ ಸಣ್ಣ ತಟ್ಟೆಗಳಲ್ಲಿ ತರಿಸಿಕೊಂಡು ಹಂಚಿ ತಿನ್ನುವ ಜಾಗ. "ಕಂಪಾಯ್!" ಎಂದು ಗ್ಲಾಸು ತಾಗಿಸಿದರೆಂದರೆ ಮುಗಿಯಿತು, ಅಕ್ಕಪಕ್ಕದವರ ಪರಿಚಯವೂ ಆಗಿಬಿಡುತ್ತದೆ. ಆ ಗದ್ದಲದ ನಡುವೆ ಸಿದ್ದಣ್ಣ ಇದ್ದಿಲೊಲೆಯ ಮುಂದೆ ನಿಂತು, ಬಿದಿರುಕಡ್ಡಿಗೆ ಚುಚ್ಚಿದ ಕೋಳಿತುಂಡುಗಳನ್ನು ತಿರುವುತ್ತಿದ್ದ. ಕೊರಳಲ್ಲಿ ಲಿಂಗ, ಕೈಯಲ್ಲಿ ಕೋಳಿ. ಯಾರಾದರೂ ರೇಗಿಸಿದರೆ, "ಕೆಲಸ ಕೈಯಿಂದರೀ, ಬಾಯಿಂದಲ್ಲ" ಎನ್ನುತ್ತಿದ್ದ. ರುಚಿ ನೋಡುವ ಉಸಾಬರಿ ಮಾಲೀಕ ಹಿರಾನೊ ಅವರದ್ದಾಗಿತ್ತು; ಹಾಗಾಗಿ ಇವನು ತಿನ್ನುವುದಿಲ್ಲವೆಂಬುದು ಅವರ ಗಮನಕ್ಕೇ ಬಂದಿರಲಿಲ್ಲ.

2006ರಲ್ಲಿ ಹಿರಾನೊ ಮೆಲ್ಬರ್ನ್‌ನಲ್ಲಿ ಇನ್ನೊಂದು ಅಂಗಡಿ ತೆರೆಯಲು ಹೊರಟರು. "ಅಲ್ಲಿ ಒಲೆಗೆ ನೀನೇ ಹೆಡ್. ವೀಸಾಗೆ ನಾನೇ ಸ್ಪಾನ್ಸರ್ ಮಾಡುತ್ತೇನೆ" ಎಂದರು. ಸಿದ್ದಣ್ಣನ ವೀಸಾ ಮೂರೇ ತಿಂಗಳಲ್ಲಿ ಮುಗಿಯುವುದಿತ್ತು. ಅವನು ಕುಣಿದಾಡಿಬಿಟ್ಟ. ಹಿಂದೆಯೇ ಬಂತು ನೋಡಿ ಷರತ್ತು: ದಿನಾ ಅಂಗಡಿ ತೆರೆಯುವ ಮುಂಚೆ ಮೊದಲ ಕಡ್ಡಿಯನ್ನು ಹೆಡ್ಡೇ ತಿಂದು ನೋಡಬೇಕು.

ವೆಸ್ಟ್‌ಮೀಡಿನ ಫ್ಲ್ಯಾಟಿನಲ್ಲಿ ಜೊತೆಗಿದ್ದ, ಅದೇ ಅಂಗಡಿಯಲ್ಲಿ ತಟ್ಟೆ ತೊಳೆಯುತ್ತಿದ್ದ ಮೈಸೂರಿನ ಗೋಪೀನಾಥ ತಲೆ ಚಚ್ಚಿಕೊಂಡ. "ಒಂದೇ ಒಂದ್ ಪೀಸ್ ಗುರು! ಕಣ್ಮುಚ್ಕೊಂಡು ನುಂಗಿ ನೀರ್ ಕುಡಿ. ಪಿಆರ್ ಸಿಗತ್ತೆ ಕಣೋ, ಇಲ್ಲೇ ಪರ್ಮನೆಂಟಾಗಿ ಇರ್ಬೋದು! ನಿಮ್ಮಮ್ಮ ಏನ್ ಇಲ್ಲಿಗೆ ಬಂದ್ ನೋಡ್ತಾರಾ?"

"ಅವ್ವ ನೋಡೂದಿಲ್ಲ ಖರೆ. ನಾ ನೋಡ್ತೀನಲ್ಲೋ ಮಾರಾಯ!"

ಮರುದಿನ ಸಿದ್ದಣ್ಣ ಹಿರಾನೊ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದ. ಅವರ ಮುಖ ಕೆಂಪಾಯಿತು. "ನಾಲ್ಕು ವರ್ಷ ಸುಟ್ಟಿದ್ದೀಯ, ಒಂದನ್ನೂ ತಿಂದಿಲ್ಲವೇ? ಉಪ್ಪು ಹೆಚ್ಚೋ ಕಡಿಮೆಯೋ ನಿನಗೆ ಹೇಗೆ ಗೊತ್ತಾಗುತ್ತದೆ?"

"ತಿನ್ನುವವರನ್ನು ನೋಡಿದರೆ ಗೊತ್ತಾಗುತ್ತದೆ ಸರ್."

ಬರೀ ಬಡಾಯಿ ಎನಿಸಿತು ಅವರಿಗೆ. ಸಿದ್ದಣ್ಣನನ್ನು ಆಚೆ ನಿಲ್ಲಿಸಿ, ಮೂರು ಕಡ್ಡಿಗಳಿಗೆ ತಾವೇ ಉಪ್ಪು ಹಾಕಿ ಸುಟ್ಟರು. ಆಮೇಲೆ ಬಿಯರ್ ಗ್ಲಾಸು ಇಟ್ಟುಕೊಂಡು ಕೌಂಟರಿನಲ್ಲಿ ಕೂತು ಅವನನ್ನು ಎದುರಿಗೆ ಕರೆದರು. "ಒಂದಕ್ಕೆ ಉಪ್ಪು ಹೆಚ್ಚಾಗಿದೆ. ಯಾವುದೆಂದು ಹೇಳು. ತಪ್ಪಿದರೆ ಮೆಲ್ಬರ್ನ್ ಮರೆತುಬಿಡು."

ಮೂರನ್ನೂ ಒಂದೊಂದಾಗಿ ತಿಂದರು. ಮುಖದಲ್ಲಿ ಹುಬ್ಬೂ ಅಲುಗಲಿಲ್ಲ. ಗೋಪೀನಾಥ ತಟ್ಟೆ ಒರೆಸುವುದನ್ನೂ ಬಿಟ್ಟು ಬಾಯಿ ಬಿಟ್ಟುಕೊಂಡು ನಿಂತಿದ್ದ.  ಸಿದ್ದಣ್ಣನ ಕಣ್ಣು ಮಾತ್ರ ಹಿರಾನೊ ಮೇಲಿಂದ ಕದಲಲಿಲ್ಲ.

"ಯಾವುದಕ್ಕೂ ಹೆಚ್ಚಾಗಿಲ್ಲ ಸರ್. ಎರಡನೆಯದಕ್ಕೆ ನೀವು ಉಪ್ಪೇ ಹಾಕಿಲ್ಲ."

ಹಿರಾನೊ ಬೆಚ್ಚಿಬಿದ್ದರು. "ಅದು ಹೇಗೆ ಹೇಳಿದೆ?"

"ಮೊದಲನೆಯದನ್ನು ತಿಂದ ತಕ್ಷಣ ಒಂದೇ ಗುಟುಕು ಬಿಯರ್ ಕುಡಿದಿರಿ, ಮೂರನೆಯದಕ್ಕೂ ಅಷ್ಟೇ. ಎರಡನೆಯದಕ್ಕೆ ಗ್ಲಾಸು ಮುಟ್ಟಲೇ ಇಲ್ಲ."

ಹಿರಾನೊ ಗ್ಲಾಸನ್ನೊಮ್ಮೆ, ಅವನನ್ನೊಮ್ಮೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಪೀನಾಥ ಓಡಿ ಬಂದು ಗೆಳೆಯನನ್ನು ತಬ್ಬಿಕೊಂಡ. ಸಿದ್ದಣ್ಣನಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಅಷ್ಟರಲ್ಲಿ ಹಿರಾನೊ ಮೆಲ್ಬರ್ನ್‌ನ ಬಡಗಿಗೆ ಫೋನು ಹಚ್ಚಿದ್ದರು.

"ಗೋಡೆ ಕಡೆ ಮುಖ ಮಾಡಿ ಒಲೆ ಇಡುವುದು ಬೇಡ. ತಿರುಗಿಸಿ ಇಡು. ನಮ್ಮ ಹೆಡ್‌ಗೆ ಗಿರಾಕಿಗಳು ಕಾಣಬೇಕು."